ಸುಖೋಥಾಯ್‌ಗೆ ಅರ್ಧ ದಿನ ಸಾಕೇ? ನಾವು ಎರಡು ವಾರ ಇದ್ದು ಬಂದ ಲೆಕ್ಕ

ಥಾಯ್ಲೆಂಡ್‌ನ ಹಳೆಯ ರಾಜಧಾನಿ ಸುಖೋಥಾಯ್ ನೋಡಲು ಅರ್ಧ ದಿನ ಸಾಕು, ಉಳಿದ ದಿನಗಳನ್ನು ಪಟ್ಟಾಯದಲ್ಲೋ ಫುಕೆಟ್‌ನಲ್ಲೋ ಕಳೆಯಿರಿ ಎಂದು ನಮಗೆ ಹೇಳದವರಿಲ್ಲ. ಬೆನ್ನಚೀಲ ಹೊತ್ತು ದೇಶ ಸುತ್ತಿದ ಗೆಳೆಯರೂ ಅದನ್ನೇ ಹೇಳಿದರು. ಭಾವನವರಂತೂ, "ಐವತ್ತು ದಾಟಿದ್ದೀರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಏನು ತಿಂದು ಬದುಕುತ್ತೀರಮ್ಮ?" ಎಂದು ಕೇಳಿದ್ದರು. ಎರಡು ವಾರ ಆರಾಮವಾಗಿ ಇದ್ದು ಬಂದೆವು. ಇಬ್ಬರಿಗೂ ಸೇರಿ ದಿನಕ್ಕೆ ಒಂಬೈನೂರು ಬಾತ್‌ನ ಆಸುಪಾಸು ಖರ್ಚಾಯಿತು. ಆಗ ಒಂದು ಬಾತ್‌ಗೆ ಸುಮಾರು ಎರಡೂವರೆ ರೂಪಾಯಿ ಇತ್ತು. ಭಾವನವರ ಮನೆಯ ಇಬ್ಬರು ಐದು ದಿನದ ಬ್ಯಾಂಕಾಕ್–ಪಟ್ಟಾಯ ಪ್ರವಾಸಕ್ಕೆ ಕೊಟ್ಟಿದ್ದಕ್ಕಿಂತ, ವಿಮಾನದ ಟಿಕೆಟ್ ಸೇರಿಸಿದರೂ, ನಮ್ಮದು ಹತ್ತು ಹದಿನೈದು ಸಾವಿರ ಕಡಿಮೆಯೇ.

ವೀಸಾ, ವಿಮಾನದ ವಿಷಯ ನಿಮಗೆಲ್ಲ ಗೊತ್ತಿರುವುದೇ. ಬ್ಯಾಂಕಾಕ್‌ನಿಂದ ಫಿತ್ಸಾನುಲೋಕ್‌ಗೆ ಮೂರನೇ ದರ್ಜೆಯ ರೈಲಿನಲ್ಲಿ ಹೋದೆವು. ತಲೆಗೆ ಇನ್ನೂರು ಬಾತ್‌ನಷ್ಟು, ಕಿಟಕಿ ಪೂರ್ತಿ ತೆರೆದೇ ಇರುತ್ತದೆ. ಅಲ್ಲಿಂದ ಸುಖೋಥಾಯ್‌ಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಎಲ್ಲರೂ ಹೊಸ ಊರಿನಲ್ಲಿ ಉಳಿಯಲು ಹೇಳುತ್ತಾರೆ. ಯೋಮ್ ನದಿಯ ದಡ, ರಾತ್ರಿ ಸಂತೆ, ಅಗ್ಗದ ಕೋಣೆಗಳು, ಎಲ್ಲವೂ ನಿಜ. ಆದರೆ ಪಾಳುಗುಡಿಗಳಿರುವ ಹಳೆಯ ಊರು ಅಲ್ಲಿಂದ 12 ಕಿಲೋಮೀಟರ್. ಎದುರುಬದುರು ಬೆಂಚುಗಳ ಸೊಂಗ್‌ತೇವ್ ಗಾಡಿಗೆ ಆಗ ತಲೆಗೆ ಒಮ್ಮೆಗೆ ಮೂವತ್ತು ಬಾತ್ ಇತ್ತು. ಇಬ್ಬರೂ ಹೋಗಿ ಬಂದರೆ ನೂರಿಪ್ಪತ್ತು. ಬೆಳಕು ಚೆನ್ನಾಗಿರುವ ಹೊತ್ತಿಗೆ ಸಂಜೆಯ ಕೊನೆಯ ಗಾಡಿ ಹೊರಟಿರುತ್ತದೆ. ಎರಡೇ ದಿನಕ್ಕೆ ಆ ಏರ್ಪಾಡು ಬಿಟ್ಟು, ಹಳೆಯ ಊರಿನ ಪೂರ್ವ ಬಾಗಿಲಿನ ಹತ್ತಿರ ಕೋಣೆ ಹಿಡಿದೆವು. ಫಲಕದಲ್ಲಿದ್ದ ದರ ಐನೂರು, ನಾವು ಕೊಟ್ಟಿದ್ದು ನಾನೂರರ ಒಳಗೆ. ನಮ್ಮವರು ಯಜಮಾನಿಯ ಜೊತೆ ಹೇಗೆ ಮಾತಾಡಿದರು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಮತ್ತೆ ಹೋಗುವವರಿದ್ದೇವೆ, ಆ ದರ ನಮಗೆ ಬೇಕು. ಸೈಕಲ್‌ಗಳನ್ನು ದಿನದ ಬಾಡಿಗೆಗೆ ಹಿಡಿಯದೆ ವಾರಕ್ಕೆ ಮಾತಾಡಿದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಉಳಿಯುತ್ತದೆ.

ಇನ್ನು ನಮ್ಮ ಕ್ರಮ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಸೈಕಲ್ ಹತ್ತುವುದು, ಹತ್ತಕ್ಕೆ ಮರಳುವುದು. ಮಧ್ಯಾಹ್ನ ಊಟ, ನಿದ್ದೆ, ಓದು. ನಾಲ್ಕರ ಮೇಲೆ ಮತ್ತೆ ಹೊರಡುವುದು. ಬ್ಯಾಂಕಾಕ್‌ನಿಂದ ಬೆಳಿಗ್ಗೆ ಹೊರಟ ಬಸ್ಸುಗಳು ಜನರನ್ನು ಇಳಿಸುವ ವೇಳೆಗೆ ನಾವು ಫ್ಯಾನಿನ ಕೆಳಗೆ ಇರುತ್ತಿದ್ದೆವು. ಗುಡಿಗಳ ಜಾಗವನ್ನು ದಿಕ್ಕಿಗೊಂದರಂತೆ ವಲಯಗಳಾಗಿ ಹಂಚಿದ್ದಾರೆ. ಒಂದು ದಿನಕ್ಕೆ ಒಂದೇ ವಲಯ, ಕೆಲವೊಮ್ಮೆ ಒಂದೇ ಗುಡಿ. ಮಧ್ಯ, ಉತ್ತರ, ಪಶ್ಚಿಮ ವಲಯಗಳಿಗೆ ನಾವು ಹೋದಾಗ ತಲೆಗೆ ನೂರು ಬಾತ್ ಇತ್ತು, ಸೈಕಲ್‌ಗೆ ಹತ್ತು. ಟಿಕೆಟ್ಟಿನ ದಿನಗಳ ನಡುವೆ ಪೂರ್ವ, ದಕ್ಷಿಣದ ಗುಡಿಗಳನ್ನು ಇಟ್ಟುಕೊಂಡೆವು. ಅಲ್ಲಿ ಯಾರೂ ಹಣ ಕೇಳುವುದಿಲ್ಲ. ವಾಟ್ ಎಂದರೆ ಬೌದ್ಧರ ಗುಡಿ. ಪೂರ್ವದ ವಾಟ್ ಚಾಂಗ್ ಲೋಮ್‌ನಲ್ಲಿ ಸ್ತೂಪದ ಬುಡದ ಸುತ್ತ ಆನೆಗಳ ಸಾಲು. ಎರಡು ಗಂಟೆ ಕುಳಿತರೂ ಮತ್ತೊಬ್ಬ ಪ್ರವಾಸಿ ಬರಲಿಲ್ಲ.

ಅರ್ಧ ದಿನದವರಿಗೆ ಸಿಗದ್ದು ಬೆಳಕು. ವಾಟ್ ಸಿ ಚುಮ್‌ನ ಕುಳಿತ ಬುದ್ಧ ಸುಮಾರು 15 ಮೀಟರ್ ಎತ್ತರ, ನಾಲ್ಕು ಗೋಡೆಗಳ ನಡುವೆ. ಮುಂದಿನ ಸೀಳಿನಂಥ ಬಾಗಿಲಿನಿಂದ ಮೊದಲು ಮುಖ ಮಾತ್ರ ಕಾಣುತ್ತದೆ. ಬೆಳಿಗ್ಗೆ ಹೋದರೆ ಮೊಣಕಾಲಿನ ಮೇಲಿಟ್ಟ ಬಲಗೈಯ ಉದ್ದ ಬೆರಳುಗಳಿಗೆ ಭಕ್ತರು ಅಂಟಿಸಿದ ಚಿನ್ನದ ರೇಕುಗಳು ಹೊಳೆಯುತ್ತವೆ. ಹತ್ತಿರ ನಿಂತರೆ ಗಾಳಿಗೆ ಅವುಗಳ ಅಂಚು ಏಳುವುದೂ ಕಾಣುತ್ತದೆ. ಮಧ್ಯಾಹ್ನ ಅದೇ ಕೈ ಬರೀ ಹಳದಿ. ವಾಟ್ ಸಫಾನ್ ಹಿನ್ ಗುಡ್ಡದ ಮೇಲಿನ ನಿಂತ ಬುದ್ಧನದು ಪೂರ್ವದ ಮುಖ, ಅಲ್ಲಿಗೂ ಬೆಳಿಗ್ಗೆಯೇ ಸರಿ. ಏರುದಾರಿಯ ಚಪ್ಪಡಿಗಳು ಸಡಿಲ, ಚಪ್ಪಲಿ ಬೇಡ. ತಾವರೆಮೊಗ್ಗಿನ ಶಿಖರದ ವಾಟ್ ಮಹಾಥಾತ್‌ಗೆ ಮಾತ್ರ ಸಂಜೆ. ಅದರ ಮುಖ್ಯ ಸ್ತೂಪದ ಪೀಠದಲ್ಲಿ ಕೈಮುಗಿದು ಸಾಲಾಗಿ ನಡೆಯುವ ಶಿಷ್ಯರ ಗಾರೆಶಿಲ್ಪವಿದೆ. ಓರೆಬಿಸಿಲಿನಲ್ಲಿ ಪ್ರತಿಯೊಬ್ಬರ ಪಾದ ಎದ್ದು ಕಾಣುತ್ತದೆ. ಬೆಳಿಗ್ಗೆಯ ಟಿಕೆಟ್ಟಿನಲ್ಲೇ ಸಂಜೆಯೂ ಒಳಗೆ ಹೋದೆವು. ಬಾಗಿಲಲ್ಲಿ ಹೇಗೆ ಕೇಳಬೇಕೆಂಬುದನ್ನು ನೀವೇ ಕಂಡುಕೊಳ್ಳಿ.

ನಾನು ಸಾಗರದ ಕಡೆಯವಳು, ಜಂಬಿಟ್ಟಿಗೆ ಕಲ್ಲಿನ ಮನೆಯಲ್ಲಿ ಬೆಳೆದವಳು. ಇಲ್ಲಿ ಅದೇ ಕಲ್ಲನ್ನು ಗುಂಡಗೆ ಕಡೆದು, ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು ಕಂಬ ಎತ್ತಿ, ಗಾರೆ ಬಳಿದಿದ್ದಾರೆ. ಗಾರೆ ಉದುರಿದಲ್ಲೆಲ್ಲ ಕಲ್ಲಿನ ರಂಧ್ರಗಳು ಕಾಣುತ್ತವೆ. ಹಂಪಿಯಷ್ಟು ದೊಡ್ಡದಲ್ಲ ಎಂದು ಮೂಗು ಮುರಿಯುವವರು ಇದನ್ನು ನೋಡಬೇಕು. 1238ರಲ್ಲಿ ಶುರುವಾದ ರಾಜ್ಯ ಇದು, ವಿಜಯನಗರಕ್ಕಿಂತ ಸುಮಾರು ನೂರು ವರ್ಷ ಮೊದಲು. ಮೂರು ಗೋಪುರಗಳ ವಾಟ್ ಸಿ ಸವಾಯ್ ಬೌದ್ಧರದಾಗುವ ಮೊದಲು ಹಿಂದೂ ಗುಡಿಯಾಗಿತ್ತು. ನಮ್ಮವರು ಒಂದು ಇಡೀ ಬೆಳಿಗ್ಗೆ ಅದರ ಚಿತ್ರ ಬರೆಯುತ್ತ ಕುಳಿತರು.

ಊಟಕ್ಕೆ ಬರೋಣ. "ಕಿನ್ ಜೇ" ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ ಊಟ ಬೇಕೆಂದು ಅವರಿಗೆ ತಿಳಿಯುತ್ತದೆ. ಆದರೂ ಮೀನಿನ ಸಾರ ಕೈತಪ್ಪಿ ಬೀಳುವುದುಂಟು, ಅದಕ್ಕೆ "ಮೈ ಸೈ ನಾಮ್ ಪ್ಲಾ" ಎಂದೂ ಸೇರಿಸಬೇಕು. ಮೊದಲ ದಿನಗಳಲ್ಲಿ ಸುಮಾರು ಇನ್ನೂರು ಬಾತ್‌ನ ಊಟ ತಟ್ಟೆಯಲ್ಲೇ ಬಿಟ್ಟು ಎದ್ದೆವು. ಆಮೇಲೆ ಒಂದೇ ಅಂಗಡಿ ಹಿಡಿದು ದಿನವೂ ಅಲ್ಲಿಗೇ ಹೋದೆವು. ನಾಲ್ಕನೆಯ ಸಲಕ್ಕೆ ಆ ಅಜ್ಜಿ ನಮ್ಮನ್ನು ಕಂಡೊಡನೆ ಬಾಣಲೆ ತೊಳೆದು ಇಡುತ್ತಿದ್ದರು. ಇನ್ನೊಂದು ಹೊತ್ತಿಗೆ ಅಂಟನ್ನ, ಮನೆಯ ಚಟ್ನಿಪುಡಿ, ಬಾಳೆಹಣ್ಣು.

ಮೊಸರು ಬೇರೆಯೇ ಪ್ರಯೋಗ. ಹತ್ತಿರದ ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಸಿಹಿ ಮೊಸರು, ಅದನ್ನು ಹೆಪ್ಪಿಗೆ ಹಾಕಿದರೆ ಹಾಲು ಲೋಳೆಯಾಯಿತು. ಹಾಲನ್ನು ನೇರವಾಗಿ ಕೆಟಲ್‌ನಲ್ಲಿ ಕಾಯಿಸಿದರೆ ತಳ ಹಿಡಿಯುತ್ತದೆ. ಕೊನೆಗೆ ಕುದಿನೀರಿನಲ್ಲಿ ಸ್ಟೀಲ್ ಲೋಟ ಇಟ್ಟು ಹಾಲು ಬೆಚ್ಚಗೆ ಮಾಡಿ, ಹಸಿಮೆಣಸಿನಕಾಯಿಯ ನಾಲ್ಕೈದು ತೊಟ್ಟು ಹಾಕಿ ರಾತ್ರಿ ಮುಚ್ಚಿಟ್ಟೆ. ಮೊದಲ ಹೆಪ್ಪು ತೆಳ್ಳಗಿತ್ತು. ಅದರಿಂದ ಹಾಕಿದ ಎರಡನೆಯದು ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿ. ಆಮೇಲೆ ಹೊರಡುವವರೆಗೂ ಮಜ್ಜಿಗೆಗೆ ಕೊರತೆಯಾಗಲಿಲ್ಲ. ಭಾವನವರಿಗೆ ಫೋಟೋ ಕಳಿಸಿದೆ.

ಹಣ ಸೋರುವ ಜಾಗ ಎಟಿಎಂ. ನಾವು ಹೋದಾಗ ಪ್ರತಿ ಸಲಕ್ಕೂ ಇನ್ನೂರಿಪ್ಪತ್ತು ಬಾತ್ ಶುಲ್ಕವಿತ್ತು. ನಮ್ಮ ಒಂದು ದಿನದ ಊಟಕ್ಕೆ ಸಮ. ಒಮ್ಮೆಗೇ ದೊಡ್ಡ ಮೊತ್ತ ತೆಗೆದು ಎರಡು ಚೀಲಗಳಲ್ಲಿ ಹಂಚಿಡಿ. ಸ್ಕೂಟರ್ ತೆಗೆದುಕೊಂಡು ಉತ್ತರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಸಿ ಸಚ್ಚನಾಲೈಗೆ ಹೋಗಿದ್ದು ಮಾತ್ರ ದುಬಾರಿ ದಿನ. ಆದರೆ ಅಲ್ಲಿ ಸಂಖಲೋಕ್ ಎಂಬ ಪಿಂಗಾಣಿ ಸುಟ್ಟ ಹಳೆಯ ಗೂಡುಗಳನ್ನು ಅಗೆದಿರುವ ಹಾಗೆಯೇ ಉಳಿಸಿದ್ದಾರೆ. ಆ ಖರ್ಚಿಗೆ ಬೇಸರವಿಲ್ಲ. ಇದೂ ಸುಖೋಥಾಯ್‌ಯೂ ಕಾಂಫೆಂಗ್ ಫೆಟ್ ಊರೂ ಸೇರಿ 1991ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಮೂರನೆಯದಕ್ಕೆ ನಾವು ಹೋಗಲಿಲ್ಲ. ಅದಕ್ಕೂ ಒಂದು ಪೂರ್ತಿ ವಾರ ಬೇಕೆಂದು ನಮ್ಮವರು ಈಗಲೇ ರಜೆಯ ಲೆಕ್ಕ ಹಾಕುತ್ತಿದ್ದಾರೆ. ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲೇ. ಫೆಬ್ರವರಿ ಕಳೆದರೆ ಗದ್ದೆ ಸುಡುವ ಹೊಗೆ ಮತ್ತು ಸೆಕೆ.