ಫೋನ್ ಬಾರದ ಶೆಡ್

ನಾನು ಟ್ರಾಫಿಕ್ ಹೆಡ್ ಕಾನ್‌ಸ್ಟೇಬಲ್. 2022ರ ಸೆಪ್ಟೆಂಬರ್ 5, ಸೋಮವಾರ ಬೆಳಗ್ಗೆ ಬೆಂಗಳೂರಿನ ಔಟರ್ ರಿಂಗ್ ರೋಡಿಗೆ ಬಂದರೆ ಬೆಳ್ಳಂದೂರಿನ ಹತ್ತಿರ ರಸ್ತೆಯೇ ಇಲ್ಲ. ರಾತ್ರಿ ಮಳೆಗೆ ಮೇಲಿನ ಕೆರೆ ಕೋಡಿ ಬಿದ್ದು, ಒತ್ತುವರಿಯಿಂದ ಸಣಕಲಾದ ರಾಜಕಾಲುವೆಯಲ್ಲಿ ಹಿಡಿಸದ ನೀರು ರಸ್ತೆಗೇ ಬಂದಿತ್ತು.

ದಂಡ ಹಾಕುವ ಮಿಷನ್ ಅವತ್ತು ಬ್ಯಾಗಿನಿಂದ ಹೊರಗೆ ಬರಲಿಲ್ಲ. ಹೆಲ್ಮೆಟ್ ಇಲ್ಲದವರೂ ನನಗೆ ಧೈರ್ಯವಾಗಿ ನಮಸ್ಕಾರ ಹೊಡೆದರು! ಮೊದಲು ಮಾಡಿದ್ದು, ಮುಚ್ಚಳ ಹೋದ ಮ್ಯಾನ್‌ಹೋಲ್‌ಗಳಿಗೆ ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದು. ಆಮೇಲೆ ಆಂಬುಲೆನ್ಸ್‌ಗೆ ಒಂದು ಸಾಲು ಬಿಡಿಸಿದ್ದು.

ಕಾಗದದ ಮೇಲೆ ಎಲ್ಲ ಸ್ಪಷ್ಟ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲೆಯ ಹೊಣೆ ಜಿಲ್ಲಾಧಿಕಾರಿಯದು. ದೋಣಿ ತರುವವರು ಅಗ್ನಿಶಾಮಕ ದಳ, ರಾಜ್ಯದ ವಿಪತ್ತು ಪಡೆ ಎಸ್‌ಡಿಆರ್‌ಎಫ್, ಕೇಂದ್ರದ ವಿಪತ್ತು ಪಡೆ ಎನ್‌ಡಿಆರ್‌ಎಫ್‌ನವರು. ಅವರು ಬರುವ ತನಕ ನೀರಲ್ಲಿ ನಿಂತಿರೋದು ನಾವೇ ಅಲ್ವಾ? ಯಾರನ್ನು ಮೊದಲು ದಾಟಿಸಬೇಕು ಅನ್ನೋದನ್ನೂ ಆಗ ನಾವೇ ತೀರ್ಮಾನಿಸಬೇಕು.

ಅಲ್ಲೇ ನಾನು ಎಡವಿದೆ. ವಾಕಿಟಾಕಿ ಕೂಗಿದ ಕಡೆಗೆಲ್ಲ ಓಡಿದೆ. ಜಾಸ್ತಿ ಕರೆ ಬರುತ್ತಿದ್ದದ್ದು ದೊಡ್ಡ ಲೇಔಟ್‌ಗಳಿಂದ. ಬೇಸ್‌ಮೆಂಟಿನಲ್ಲಿ ಕಾರು ಮುಳುಗಿದೆ, ಲಿಫ್ಟ್ ನಿಂತಿದೆ. ಅವರ ಕಷ್ಟ ಸುಳ್ಳಲ್ಲ, ಅಲ್ಲೂ ವಯಸ್ಸಾದವರಿದ್ದರು. ಒಂದು ಟ್ರ್ಯಾಕ್ಟರ್ ನಿಲ್ಲಿಸಿ, ಮಕ್ಕಳು ಮುದುಕರು ಮೊದಲು, ಲ್ಯಾಪ್‌ಟಾಪ್ ಬ್ಯಾಗು ಕೊನೆಗೆ ಅಂತ ಹತ್ತಿಸಿದೆ. ಒಬ್ಬರು ಸಿಟ್ಟಾದರು. ಆಗಲಿ ಬಿಡಿ.

ಮಧ್ಯಾಹ್ನ ಹಿಂದಿನ ಖಾಲಿ ಸೈಟಿನ ಕಡೆ ಹೋದಾಗ ತಗಡಿನ ಶೆಡ್‌ಗಳು ಕಂಡವು. ಸೊಂಟದವರೆಗೆ ನೀರು. ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರು, ಅರ್ಧ ಕಟ್ಟಿದ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಮಕ್ಕಳನ್ನು ಹಿಡಿದು ಬೆಳಗಿನಿಂದ ಕೂತಿದ್ದರು.

"112ಕ್ಕೆ ಫೋನ್ ಮಾಡೋದಲ್ವೇನಮ್ಮಾ?" ಅಂದೆ.

"ಫೋನ್ ನೀರಾಗ ಹೋಗ್ಯಾವ್ರೀ ಸಾಹೇಬ್ರ. ಮಾಡಿದ್ರ ನಮಗಂತ ಯಾರ್ ಬರ್ತಾರ್ರೀ?"

ಹಗ್ಗ ಕಟ್ಟಿ ಅವರನ್ನು ಇಳಿಸುವಷ್ಟರಲ್ಲಿ ಸಂಜೆಯಾಯಿತು.

ಮುಂದಿನ ವರ್ಷ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬಳು ಹುಡುಗಿ ತೀರಿಕೊಂಡಳು. ಅಂದಿನಿಂದ ಜೋರು ಮಳೆ ಅಂದರೆ ನಾನು ಮೊದಲು ಅಂಡರ್‌ಪಾಸಿಗೆ ಬ್ಯಾರಿಕೇಡ್ ಎಳೆಯುತ್ತೇನೆ. ಬೈಸಿಕೊಂಡರೂ ಪರವಾಗಿಲ್ಲ. ಆಮೇಲೆ ಮೇಸ್ತ್ರಿಗಳಿಗೆ ಫೋನ್. ನನ್ನ ಏರಿಯಾದ ಶೆಡ್‌ಗಳ ಮೇಸ್ತ್ರಿಗಳ ನಂಬರ್ ಈಗ ಮೊಬೈಲಿನಲ್ಲೂ ಇವೆ, ಜೇಬಿನ ಚೀಟಿಯಲ್ಲೂ ಇವೆ. ಕೆಲಸ ಮುಗಿದರೆ ಅವರು ಶೆಡ್ ಕಿತ್ತು ಬೇರೆ ಕಡೆ ಹೋಗುತ್ತಾರೆ. ಅದಕ್ಕೇ ಪ್ರತಿ ಮೇ ತಿಂಗಳು ಚೀಟಿ ಹೊಸದಾಗಿ ಬರೆಯುತ್ತೇನೆ.