ಟ್ಯೂಬಿಂಗನ್‌ನಲ್ಲಿ ಕೆಲವು ತಿಂಗಳು: ಕೆಲಸಕ್ಕೆ ನೆಲೆ, ವಾರಾಂತ್ಯಕ್ಕೆ ದಾರಿ

ಜರ್ಮನಿಯ ವಿಶ್ವವಿದ್ಯಾಲಯದಿಂದ ಆರು ತಿಂಗಳ ಅಥವಾ ಒಂದು ವರ್ಷದ ಆಹ್ವಾನ ಬಂದವರು ಮೊದಲು ವಿಚಾರಿಸುವುದು ಚಳಿಯನ್ನು. ಚಳಿಗೆ ಒಳ್ಳೆಯ ಕೋಟು ಸಾಕು. ಅಲ್ಪಾವಧಿಗೆ ಹೋದವರನ್ನು ನಿಜವಾಗಿ ಕಾಡುವುದು ಕಾಗದಪತ್ರಗಳ ಅನುಕ್ರಮ. ವಿಳಾಸವಿಲ್ಲದೆ ನೋಂದಣಿ ಆಗದು, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬಾರದು, ಆ ಸಂಖ್ಯೆ ಇಲ್ಲದಿದ್ದರೆ ಸಂಬಳದಿಂದ ಹೆಚ್ಚಿನ ತೆರಿಗೆ ಮುರಿದುಕೊಳ್ಳಬಹುದು. ಇದನ್ನು ಬಂದ ವಾರವೇ ಶುರುಮಾಡಿದವರಿಗೆ ಉಳಿದ ತಿಂಗಳುಗಳ ವಾರಾಂತ್ಯ ಪೂರ್ತಿಯಾಗಿ ಸಿಗುತ್ತದೆ.

ನೈಋತ್ಯ ಜರ್ಮನಿಯ ಟ್ಯೂಬಿಂಗನ್ ಊರನ್ನು ಇಟ್ಟುಕೊಂಡು ಈ ಹಂತಗಳನ್ನು ವಿವರಿಸುತ್ತೇನೆ. ನೆಕರ್ ನದಿಯ ದಡದ ಈ ಪುಟ್ಟ ಊರಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಕನ್ನಡಿಗರಿಗೆ ಇದು ತೀರಾ ಪರಕೀಯ ಸ್ಥಳವೂ ಅಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲಿ. 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದು, 1903ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ.

ಹೊರಡುವ ಮುನ್ನ: ಮನೆ

ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ ಸೆಮಿಸ್ಟರ್ ಆರಂಭವಾಗುವುದರಿಂದ ಆಗ ವಿದ್ಯಾರ್ಥಿ ಊರುಗಳಲ್ಲಿ ಕೋಣೆ ಸಿಗುವುದು ಬಹಳ ಕಷ್ಟ. ಆಹ್ವಾನ ಪತ್ರ ಸಿಕ್ಕ ದಿನವೇ ವಿಶ್ವವಿದ್ಯಾಲಯದ ವೆಲ್ಕಮ್ ಸೆಂಟರ್‌ಗೆ ಬರೆದು ಅತಿಥಿಗೃಹದಲ್ಲಿ ಜಾಗವಿದೆಯೇ ಎಂದು ಕೇಳಿ. ಖಾಸಗಿ ಮನೆ ಹುಡುಕುವಾಗ ‘ಕಾಲ್ಟ್‌ಮೀಟೆ’ ಎಂದರೆ ಬರೀ ಬಾಡಿಗೆ, ‘ವಾರ್ಮ್‌ಮೀಟೆ’ ಎಂದರೆ ನೀರು, ಹೀಟರ್ ಮುಂತಾದ ಖರ್ಚು ಸೇರಿದ್ದು. ಜಾಹೀರಾತಿನಲ್ಲಿ ಯಾವುದಿದೆ ಎಂದು ನೋಡಿಕೊಳ್ಳಿ. ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರನಿಗೆ ಇದೆ. ಮನೆಯನ್ನು ತೋರಿಸದೆ, ‘ನಾನು ಊರಲ್ಲಿಲ್ಲ, ಹಣ ಕಳಿಸಿ, ಕೀಲಿ ಅಂಚೆಯಲ್ಲಿ ಬರುತ್ತದೆ’ ಎನ್ನುವವರಿಗೆ ಒಂದು ಯೂರೋವನ್ನೂ ಕಳಿಸಬೇಡಿ.

ಇನ್ನೊಂದು ಪ್ರಶ್ನೆಯನ್ನು ಮೊದಲೇ ಕೇಳಲೇಬೇಕು: ಈ ವಿಳಾಸದಲ್ಲಿ ನೋಂದಣಿಗೆ ಒಪ್ಪಿಗೆ ಇದೆಯೇ? ಇಲ್ಲ ಎಂದರೆ ಎಷ್ಟೇ ಅಗ್ಗವಾದರೂ ಆ ಕೋಣೆ ಬೇಡ.

ಮೊದಲ ವಾರ: ನೋಂದಣಿ

ಮನೆ ಸೇರಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಇದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಪಾಸ್‌ಪೋರ್ಟ್, ವೀಸಾ, ತುಂಬಿದ ಅರ್ಜಿ ಇವುಗಳ ಜೊತೆಗೆ, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರವೂ ಬೇಕು. ಬಾಡಿಗೆ ಕರಾರು ಇದಕ್ಕೆ ಬದಲಿಯಾಗದು. ಭೇಟಿಯ ಸಮಯವನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸಲು ಅವಕಾಶವಿದ್ದರೆ ವಿಮಾನ ಹತ್ತುವ ಮೊದಲೇ ಆ ಕೆಲಸ ಮುಗಿಸಿ.

ನೋಂದಣಿಯಾದ ಕೆಲವು ವಾರಗಳಲ್ಲಿ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಹೊಸಬರು ಅರಿಯದ ಒಂದು ಸಂಗತಿಯಿದೆ. ಜರ್ಮನಿಯ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ನಿಮ್ಮ ಹೆಸರು ಅಲ್ಲಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ. ಬ್ಯಾಂಕಿನ ಕಾರ್ಡು, ವಿಮೆಯ ಕಾಗದ, ಸರ್ಕಾರಿ ಪತ್ರಗಳೆಲ್ಲ ಬರುವುದು ಅಂಚೆಯಲ್ಲೇ. ಆದ್ದರಿಂದ ಕೀಲಿ ಕೈಗೆ ಬಂದ ಸಂಜೆಯೇ ಚೀಟಿಯೊಂದರಲ್ಲಿ ಹೆಸರು ಬರೆದು ಪೆಟ್ಟಿಗೆಗೆ ಅಂಟಿಸಿ. ವಿಭಾಗದ ವಿಳಾಸಕ್ಕೆ ಪತ್ರ ತರಿಸಿಕೊಳ್ಳುವುದಾದರೆ ಕಾರ್ಯದರ್ಶಿಗೆ ತಿಳಿಸಿಡಿ.

ಆರೋಗ್ಯ ವಿಮೆ ಇಲ್ಲಿ ಕಡ್ಡಾಯ. ನೀವು ವಿಶ್ವವಿದ್ಯಾಲಯದ ಉದ್ಯೋಗಿಯೋ ಫೆಲೋಶಿಪ್ ಪಡೆದವರೋ ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಉದ್ಯೋಗಿಯಾದರೆ ವಿಮೆಯ ಕಂತಿನ ನಿಮ್ಮ ಪಾಲು ಸಂಬಳದಲ್ಲೇ ಕಡಿತವಾಗುತ್ತದೆ. ಫೆಲೋಶಿಪ್ ಆದರೆ ವಿಮೆಯನ್ನು ಸಾಮಾನ್ಯವಾಗಿ ನೀವೇ ಮಾಡಿಸಿಕೊಳ್ಳಬೇಕು. ಪ್ರಯಾಣ ವಿಮೆಯನ್ನೇ ಇದಕ್ಕೆ ಸಾಕೆಂದುಕೊಳ್ಳಬೇಡಿ. ಇನ್ನು ದೂರದರ್ಶನ–ರೇಡಿಯೊ ಶುಲ್ಕ ತಿಂಗಳಿಗೆ 18.36 ಯೂರೋ. ಅದು ಮನೆಗೊಂದು ಮಾತ್ರ. ಸಹವಾಸಿಗಳು ಈಗಾಗಲೇ ಕಟ್ಟುತ್ತಿದ್ದರೆ, ಶುಲ್ಕ ಕೇಳಿ ಬರುವ ಪತ್ರಕ್ಕೆ ಅವರ ಶುಲ್ಕದ ಖಾತೆಯ ಸಂಖ್ಯೆ ತಿಳಿಸಿ ಉತ್ತರ ಬರೆದರಾಯಿತು.

ವಿಭಾಗದಲ್ಲಿ

ವೇಳಾಪಟ್ಟಿಯಲ್ಲಿ ‘10 ಸಿ.ಟಿ.’ ಎಂದಿದ್ದರೆ ತರಗತಿ ಶುರುವಾಗುವುದು 10.15ಕ್ಕೆ, ‘ಎಸ್.ಟಿ.’ ಎಂದಿದ್ದರೆ ಗಂಟೆಗೆ ಸರಿಯಾಗಿ. ಮಧ್ಯಾಹ್ನ ಸಹೋದ್ಯೋಗಿಗಳು ಒಟ್ಟಾಗಿ ಮೆನ್ಸಾ ಎಂಬ ಭೋಜನಾಲಯಕ್ಕೆ ಹೊರಟಾಗ ಡಬ್ಬಿ ಹಿಡಿದು ಕೋಣೆಯಲ್ಲೇ ಕೂರಬೇಡಿ. ಉಪಕರಣ ಯಾರ ಕೈಯಲ್ಲಿದೆ, ಯಾವ ಕಣಿವೆಯಲ್ಲಿ ಈಗ ಹೂ ಬಿಟ್ಟಿದೆ ಎಂಬುದೆಲ್ಲ ತಿಳಿಯುವುದು ಆ ಮೇಜಿನ ಬಳಿಯೇ. ಕೆಲವೇ ತಿಂಗಳಿಗೆಂದು ಬಂದವರು ತಾವಾಗಿ ಹತ್ತಿರ ಹೋಗಬೇಕು, ಕಾಯುತ್ತ ಕೂರಲು ಸಮಯವಿಲ್ಲ.

ವಾರಾಂತ್ಯ: ಹತ್ತಿರದಿಂದ ಶುರುಮಾಡಿ

ಪ್ಯಾರಿಸ್, ರೋಮ್ ಎಂದು ಮೊದಲ ತಿಂಗಳಲ್ಲೇ ಓಡುವುದು ಬೇಡವೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಅವು ಪ್ರವಾಸಿಗಳಿಗೂ ಸಿಗುತ್ತವೆ. ವಾಸಕ್ಕೆ ಬಂದವರಿಗಷ್ಟೇ ದಕ್ಕುವುದು ಸುತ್ತಲಿನ ನಾಡು.

ಮೊದಲು ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. 2026ರಿಂದ ಇದರ ಬೆಲೆ ತಿಂಗಳಿಗೆ 63 ಯೂರೋ. ದೇಶದ ಎಲ್ಲ ಪ್ರಾದೇಶಿಕ ರೈಲು, ಟ್ರಾಮ್, ನಗರ ಬಸ್‌ಗಳಲ್ಲಿ ನಡೆಯುತ್ತದೆ. ಐಸಿಇ, ಐಸಿ ಮುಂತಾದ ದೂರದ ರೈಲುಗಳಲ್ಲಿ ನಡೆಯುವುದಿಲ್ಲ. ತಾನಾಗಿ ನವೀಕರಣವಾಗುವ ಚಂದಾ ಇದು; ನಿಲ್ಲಿಸಬೇಕೆಂದರೆ ಆ ತಿಂಗಳ 10ನೇ ತಾರೀಕಿನೊಳಗೆ ತಿಳಿಸಬೇಕು. ವಾರದ ದಿನಸಿಯನ್ನು ಶನಿವಾರವೇ ತಂದಿಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ.

ಮೊದಲ ಶನಿವಾರಕ್ಕೆ ಊರಿನ ಮೇಲಿರುವ ಹೋಹೆನ್‌ಟ್ಯೂಬಿಂಗನ್ ಕೋಟೆಯೇ ಸಾಕು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ತರುಣ, ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಜೀವಕೋಶಗಳನ್ನು ಬೇರ್ಪಡಿಸಿ, ಇಂದು ನಾವು ಡಿಎನ್ಎ ಎನ್ನುವ ವಸ್ತುವನ್ನು ಮೊದಲ ಬಾರಿಗೆ ಪ್ರತ್ಯೇಕಿಸಿದ್ದು ಈ ಕೋಟೆಯ ಹಳೆಯ ಅಡುಗೆಮನೆಯಲ್ಲಿ. ಸಂಶೋಧನೆಗೆಂದು ದೇಶ ಬಿಟ್ಟು ಬಂದವರು ಆ ಕಮಾನಿನ ಕೋಣೆಯನ್ನು ನೋಡದೆ ಹೋಗಬಾರದು. ಅದೇ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ದೊರೆತ, ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಪುಟಾಣಿ ಪ್ರಾಣಿಗಳಿವೆ. ಅವುಗಳಲ್ಲೊಂದಾದ, ಅಂಗೈಯಲ್ಲಿ ಹಿಡಿಸುವ ಕುದುರೆಗೆ ಸುಮಾರು 40,000 ವರ್ಷ. ಈ ಪ್ರದೇಶದ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಮುಂದಿನ ವಾರ ಶ್ಯೋನ್‌ಬುಖ್ ಕಾಡಿನಂಚಿನ ಬೇಬೆನ್‌ಹೌಸನ್ ಮಠಕ್ಕೆ ನಡೆದೇ ಹೋಗಬಹುದು. ದಣಿದರೆ ಬಸ್ ಇದೆ. ರೈಲಿನ ದಿನವಾದರೆ ಬೆಳಿಗ್ಗೆ ಬೇಗ ಹೊರಟು ಉಲ್ಮ್ ತಲುಪಿ, 161.5 ಮೀಟರ್ ಎತ್ತರದ ಚರ್ಚ್ ಗೋಪುರ ನೋಡಿ. 1879ರಲ್ಲಿ ಐನ್‌ಸ್ಟೈನ್ ಹುಟ್ಟಿದ್ದು ಈ ಊರಿನಲ್ಲಿ. ಸಂಜೆ ಹತ್ತಿರದ ಬ್ಲೌಬಾಯ್ರನ್‌ನಲ್ಲಿಳಿದರೆ ನೀಲಿಯಾಗಿ ಹೊಳೆಯುವ ಬ್ಲೌಟೋಪ್ಫ್ ಎಂಬ ಬುಗ್ಗೆ. ಹೆಖಿಂಗನ್ ಪಕ್ಕದ ಬೆಟ್ಟದ ಮೇಲಿನ ಹೋಹೆನ್‌ಜೊಲ್ಲೆರ್ನ್ ಕೋಟೆಯನ್ನು ಮಂಜಿಲ್ಲದ ದಿನಕ್ಕೆ ಇಟ್ಟುಕೊಳ್ಳಿ.

ಗಡಿ ದಾಟುವ ಆಸೆಗೂ ಅವಕಾಶವಿದೆ. ಜರ್ಮನಿಯ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಇದ್ದವರು ಇತರ ಷೆಂಗನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಗೆ ಒಪ್ಪಿದ ಯುರೋಪಿನ ದೇಶಗಳಲ್ಲಿ) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನದವರೆಗೆ ತಿರುಗಾಡಬಹುದು. ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಬ್ರಿಟನ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ.

ಮರಳುವಾಗ

ದೇಶ ಬಿಡುವವರು ನೋಂದಣಿ ರದ್ದು ಮಾಡಿಸಬೇಕು. ಮನೆ ಖಾಲಿ ಮಾಡುವ ಒಂದು ವಾರ ಮೊದಲಿನಿಂದ ಎರಡು ವಾರ ನಂತರದವರೆಗೆ ಇದಕ್ಕೆ ಅವಕಾಶ. ನೋಂದಣಿ ರದ್ದಾದ ದೃಢೀಕರಣದ ಪ್ರತಿ ಇದ್ದರೆ ರೇಡಿಯೊ ಶುಲ್ಕ ನಿಲ್ಲಿಸುವುದು ಸುಲಭ. ಬಾಡಿಗೆ, ಮೊಬೈಲ್, ಇಂಟರ್‌ನೆಟ್ ಕರಾರುಗಳಿಗೆ ಎಷ್ಟು ಮುಂಚಿತವಾಗಿ ನೋಟಿಸ್ ಕೊಡಬೇಕೆಂದು ಬಂದ ತಿಂಗಳೇ ಓದಿಟ್ಟುಕೊಳ್ಳಿ. ಕೀಲಿ ಒಪ್ಪಿಸುವ ದಿನ ಪ್ರತಿ ಕೋಣೆಯ ಫೋಟೊ ತೆಗೆದು, ಮೀಟರ್ ಅಂಕಿಗಳನ್ನು ಬರೆದ ಕಾಗದಕ್ಕೆ ಮನೆ ಕೊಟ್ಟವರ ಸಹಿ ಹಾಕಿಸಿಕೊಳ್ಳಿ. ಠೇವಣಿ ಮರಳಲು ಕೆಲವು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.