ಮಂಗಳೂರಿನ ಪಾರ್ಕಲ್ಲಿ ಪುಟ್ಟ ಮಕ್ಕಳಿಗೆ ಏನು ತೋರಿಸಬೇಕು?

ಕದ್ರಿ ಪಾರ್ಕಿಗೆ ಮಗಳನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವಳಿಗೆ ಮೂರು ವರ್ಷ. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಒಂದು ಇರುವೆ ಜಿರಳೆಯ ರೆಕ್ಕೆ ಎಳೆದುಕೊಂಡು ಹೋಗುತ್ತಿತ್ತು. ನಾನು "ಬಾ ಮಗಾ, ಆಚೆ ಚಂದದ ಹೂವಿದೆ" ಅಂತ ಕೈ ಎಳೆದೆ. ಅತ್ತಳು. ಅವತ್ತು ಅವಳನ್ನು ಎಬ್ಬಿಸಬಾರದಿತ್ತು ಅಂತ ಈಗಲೂ ಅನಿಸುತ್ತದೆ.

ಅದಕ್ಕೇ ಹೇಳುವುದು, ಪಾರ್ಕ್ ಪೂರ್ತಿ ಸುತ್ತಬೇಡಿ. ಒಂದು ಮರ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಅದೇ ಮರದ ಬುಡಕ್ಕೆ ಹೋಗಿ. ಜಾರುಬಂಡಿ, ಉಯ್ಯಾಲೆ ಎಲ್ಲ ಮೊದಲೇ ಆಡಿಸಿ ಮುಗಿಸಿ, ಇಲ್ಲದಿದ್ದರೆ ಮನಸ್ಸು ಅಲ್ಲೇ ಇರುತ್ತದೆ. ಬೆಳಿಗ್ಗೆ ಏಳು ಗಂಟೆ ಒಳ್ಳೆಯ ಹೊತ್ತು, ಸಂಜೆಯಾದರೆ ಐದರ ನಂತರ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ ಬೇಡವೇ ಬೇಡ.

ಮಾವಿನ ಮರ ಸಿಕ್ಕರೆ ತಲೆ ಎತ್ತಿ ನೋಡಿ. ಹಸಿರೆಲೆಗಳನ್ನು ಸೇರಿಸಿ ಕಟ್ಟಿದ ಚೆಂಡಿನಂಥ ಗೂಡು ಕಂಡರೆ ಅದು ಚಗಳಿ ಇರುವೆಯದು. ಗೂಡು ಕಟ್ಟುವಾಗಲೇ ನೋಡಲು ಸಿಕ್ಕಿದರೆ ನಿಮ್ಮ ಅದೃಷ್ಟ. ಸಾಲಾಗಿ ನಿಂತ ಇರುವೆಗಳು ಒಂದು ಎಲೆಯ ಅಂಚನ್ನು ಕಾಲಲ್ಲಿ ಹಿಡಿದು, ಇನ್ನೊಂದು ಎಲೆಯ ಅಂಚನ್ನು ಕಚ್ಚಿ ಎಳೆಯುತ್ತವೆ, ಎಟುಕದಿದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿ ಮಾಡುತ್ತವೆ. ಎಲೆಗಳು ಕೂಡಿದ ಮೇಲೆ ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಕಚ್ಚಿಕೊಂಡು ಬಂದು ಆ ಅಂಚಿನಿಂದ ಈ ಅಂಚಿಗೆ ಮುಟ್ಟಿಸುತ್ತಾ ಹೋಗುತ್ತವೆ. ಮರಿಯಿಂದ ಬರುವ ರೇಷ್ಮೆಯಂಥ ನೂಲೇ ಹೊಲಿಗೆ! ಆದರೆ ದೂರ ನಿಲ್ಲಿ. ಚಗಳಿ ಕಚ್ಚಿದರೆ ಉರಿ ಜಾಸ್ತಿ. ಕಾಲ ಕೆಳಗೆ ಸಾಲು ಹರಿದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಹೆಸರು ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಇರುವೆಗೆ ತುಳುವಲ್ಲಿ ಪಿಜಿನ್ ಅಂತ ಅಜ್ಜಿಯ ಬಾಯಲ್ಲಿ ಕೇಳಿದರೆ ಮಗು ಮರೆಯುವುದಿಲ್ಲ. ಪಿಲಿಕುಳ ನಿಸರ್ಗಧಾಮಕ್ಕೆ ಹೋಗುವಾಗಲೂ ಅಷ್ಟೇ, ಪಿಲಿ ಅಂದರೆ ಹುಲಿ ಅಂತ ದಾರಿಯಲ್ಲೇ ಹೇಳಿ. ಅದು ದೊಡ್ಡ ಜಾಗ, ರಜೆ ದಿನಕ್ಕೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಮನೆಯಲ್ಲೇ ಕೂರಬೇಡಿ. ಜೂನ್ ಮಳೆ ಬಿದ್ದ ಮೇಲೆ ನಮ್ಮ ಊರಲ್ಲಿ ಗೋಡೆ ಮೇಲೂ ಪಾಚಿ, ಜರಿಗಿಡ ಬರುತ್ತದೆ ಅಲ್ವಾ? ಮಳೆ ಬಿಟ್ಟ ಹೊತ್ತಲ್ಲಿ ರೈನ್‌ಕೋಟ್ ಹಾಕಿಸಿ ಹೊರಡಿ. ಪತ್ರೊಡೆಗೆ ಹಾಕುವ ಕೆಸುವಿನ ಎಲೆ ಕಂಡರೆ ಬಾಟಲಿಯಿಂದ ಸ್ವಲ್ಪ ನೀರು ಹನಿಸಿ. ಎಲೆ ಒದ್ದೆಯಾಗುವುದಿಲ್ಲ, ನೀರು ಗೋಲಿಯ ಹಾಗೆ ಉರುಳುತ್ತದೆ. ನನ್ನ ಮಗಳು ಒಂದು ಬಾಟಲಿ ನೀರು ಪೂರ್ತಿ ಅಲ್ಲೇ ಮುಗಿಸಿದ್ದಾಳೆ. ನಾಚಿಕೆ ಮುಳ್ಳನ್ನು ಮುಟ್ಟಿ ಮುಚ್ಚಿಸುವುದು ಎಲ್ಲರಿಗೂ ಗೊತ್ತು. ಅದು ಮತ್ತೆ ಬಿಚ್ಚಿಕೊಳ್ಳುವ ತನಕ ಸುಮ್ನೆ ಕಾಯುವುದು ಇನ್ನೂ ಚಂದದ ಆಟ.

ಕೈಚೀಲದಲ್ಲಿ ನೀರು, ಒಂದು ಭೂತಗನ್ನಡಿ, ಬಿದ್ದ ಬೀಜ ಹಾಕಲು ಸಣ್ಣ ಡಬ್ಬಿ ಇದ್ದರೆ ಸಾಕು. ಬಿದ್ದದ್ದನ್ನು ಮಾತ್ರ ಹೆಕ್ಕಬೇಕು, ಗಿಡದಿಂದ ಕೀಳಬಾರದು. ಬೀಜದ ವಿಷಯದಲ್ಲಿ ಹುಷಾರು. ಪೂರ್ತಿ ಕೆಂಪಗಿರುವ ಆನೆ ಗುಲಗಂಜಿ ಬೇರೆ, ಕಪ್ಪು ಚುಕ್ಕೆ ಇರುವ ಗುಲಗಂಜಿ ಬೇರೆ. ಎರಡನೆಯದನ್ನು ಅಗಿದರೆ ಕಡು ವಿಷ, ಡಬ್ಬಿಗೂ ಬೇಡ. ಯಾವ ಬೀಜವೂ ಬಾಯಿಗೆ ಹೋಗಬಾರದು. ಕಂಬಳಿಹುಳ ಮುಟ್ಟಬಾರದು. ತರಗೆಲೆ ರಾಶಿಗೆ, ಬಿಲಕ್ಕೆ ಕೈ ಹಾಕಬಾರದು, ಹಾವಿರಬಹುದು. ಸಂಜೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿಸಿ, ಡೆಂಗ್ಯೂ ಕಾಟ ನಮಗೆ ಗೊತ್ತಿದ್ದದ್ದೇ.

ಮನೆಗೆ ಹೊರಡಿಸುವುದೇ ಕಷ್ಟ ಅನ್ನುವವರು ಒಂದು ಮಳೆಮರ ಹುಡುಕಿಟ್ಟುಕೊಳ್ಳಿ. ಹೊತ್ತು ಇಳಿಯುತ್ತಿದ್ದ ಹಾಗೆ ಅದರ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ. ಐದು ಗಂಟೆಗೆ ಒಮ್ಮೆ ತೋರಿಸಿ, ಆರೂವರೆಗೆ ಮತ್ತೆ ತೋರಿಸಿ. ಈಗೀಗ ಮಗಳೇ ಮೇಲೆ ನೋಡಿ "ಅಮ್ಮಾ, ಮರ ಮಲಗಿತು, ಹೋಗುವಾ" ಅನ್ನುತ್ತಾಳೆ.